ನಂದು ಅಂದರೆ ಮೈನ್, ಮೈನ್ಸ್ ಅಂದರೆ ಹಟ್ಟಿ

(ಲಿಂಗಸುಗೂರಿನಲ್ಲಿ ಡಿಗ್ರಿ ವಿದ್ಯಾರ್ಥಿಗಳು, ಟೀಚರ್‌ಗಳು, ಕೆಲವು ಪಾಲಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಕಾರ್ಯಕ್ರಮದ ಹಾಳೆಯಲ್ಲಿ ನನ್ನ ವಿಷಯವನ್ನು ‘ಇಂಗ್ಲಿಷ್ ವ್ಯಾಕರಣದಲ್ಲಿ ಸಂಬಂಧಸೂಚಕ ಪದಗಳ ಸಮರ್ಪಕ ಬಳಕೆ’ ಅಂತ ಹಾಕಿದ್ದಾರೆ. ಅದನ್ನು ಓದಿ ನನಗೇ ಆಕಳಿಕೆ ಬಂತು. ನಾನು ಮಾತಾಡುವುದು ಒಂದೇ ಒಂದು ಪ್ರಶ್ನೆ ಬಗ್ಗೆ. ಇದು ಯಾರದು?

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನು ನಾನು. ಬೆಂಚಿನ ಕೆಳಗೆ ದಿನಾ ಒಂದು ಪೆನ್ನು ಬಿದ್ದಿರುತ್ತಿತ್ತು. ಎತ್ತಿ ಹಿಡಿದು ‘ಹೂಸ್ ಪೆನ್ ಈಸ್ ದಿಸ್?’ ಅಂತ ಕೇಳುತ್ತಿದ್ದೆ. ಒಬ್ಬ ಹುಡುಗ ಎದ್ದು ‘ದಿಸ್ ಈಸ್ ಮೈ, ಸಾರ್’ ಅನ್ನುತ್ತಿದ್ದ. ವರ್ಷ ವರ್ಷ ಹುಡುಗರು ಬದಲಾದರು, ಪೆನ್ನು ಬದಲಾಯಿತು, ಉತ್ತರ ಮಾತ್ರ ಬದಲಾಗಲಿಲ್ಲ. ಮೊದಮೊದಲು ಬೈಯುತ್ತಿದ್ದೆ. ಆಮೇಲೆ ಒಂದು ದಿನ ಸುಮ್ನೆ, ‘ಕನ್ನಡದಾಗ ಹೇಳು ನೋಡೋಣ’ ಅಂದೆ. ‘ನಂದ್ರಿ ಸಾರ್’ ಅಂದ.

ನೋಡಿ, ಅವನು ‘ನನ್ನ ರೀ ಸಾರ್’ ಅನ್ನಲಿಲ್ಲ. ನಮ್ಮಲ್ಲಿ ಯಾರೂ, ಒಂದನೇ ಕ್ಲಾಸಿನ ಮಗು ಕೂಡ, ಹಾಗೆ ಅನ್ನುವುದಿಲ್ಲ. ‘ನನ್ನ’ ಅಂದ ಕೂಡಲೇ ಕೇಳಿದವರು ‘ನಿನ್ನ ಏನು?’ ಅಂತ ಕಾಯುತ್ತಾರೆ. ನನ್ನ ಪೆನ್ನು, ನನ್ನ ಹೊಲ, ನನ್ನ ಕರ್ಮ. ಏನೋ ಒಂದು ಬರಲೇಬೇಕು. ‘ನನ್ನದು’ ಅಂದರೆ ಮಾತು ಮುಗಿಯಿತು.

ಇಂಗ್ಲಿಷಿನಲ್ಲೂ ಇದೇ ಲೆಕ್ಕ. ‘ಮೈ’ ಅಂದರೆ ನನ್ನ. ‘ಮೈನ್’ ಅಂದರೆ ನನ್ನದು. ಯುವರ್ ಅಂದರೆ ನಿನ್ನ, ಯುವರ್ಸ್ ಅಂದರೆ ನಿನ್ನದು. ಹರ್ ಅಂದರೆ ಅವಳ, ಹರ್ಸ್ ಅಂದರೆ ಅವಳದು. ದೇರ್ ಅಂದರೆ ಅವರ, ದೇರ್ಸ್ ಅಂದರೆ ಅವರದು. ಕೊನೆಯಲ್ಲಿ ಬರುವ ಆ ‘ಸ್’ ಇದೆಯಲ್ಲ, ಅದು ನಮ್ಮ ‘ದು’. ‘ಹಿಸ್’ ಒಂದೇ ಸೋಮಾರಿ. ಅವನ ಅನ್ನುವುದಕ್ಕೂ ಹಿಸ್, ಅವನದು ಅನ್ನುವುದಕ್ಕೂ ಹಿಸ್.

ಹಾಗಾಗಿ ಅನುಮಾನ ಬಂದಾಗ ನಿಯಮದ ಪುಸ್ತಕ ಹುಡುಕಬೇಡಿ. ಬಾಯಲ್ಲಿ ಒಮ್ಮೆ ಕನ್ನಡದಲ್ಲಿ ಹೇಳಿಕೊಳ್ಳಿ. ‘ದು’ ಬಂತಾ? ಹಾಗಾದರೆ ಮೈನ್, ಯುವರ್ಸ್, ಅವರ್ಸ್. ‘ದು’ ಬರಲಿಲ್ವಾ? ಮೈ, ಯುವರ್, ಅವರ್. ಅಂದಹಾಗೆ, ಇಂಗ್ಲಿಷಿನ ‘ಅವರ್’ ಅಂದರೆ ನಮ್ಮ. ಕನ್ನಡದ ‘ಅವರ’ ಅಂದರೆ ಇಂಗ್ಲಿಷಿನ ‘ದೇರ್’. ಒಬ್ಬ ಹುಡುಗಿ ನೋಟ್ಸಿನಲ್ಲಿ ಇಂಗ್ಲಿಷ್ ಪದಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಇಡೀ ವರ್ಷ ನಮ್ಮ ಮನೆಯನ್ನು ಅವರ ಮನೆ ಮಾಡಿದ್ದಳು.

ಒಂದು ಕಡೆ ಮಾತ್ರ ಕನ್ನಡ ನಮ್ಮನ್ನು ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ಒಂದು ಎತ್ತು ಇದ್ದರೆ ‘ನನ್ನದು’, ಎರಡಿದ್ದರೆ ‘ನನ್ನವು’. ಮಗನಾದರೆ ‘ನನ್ನವನು’, ಮಗಳಾದರೆ ‘ನನ್ನವಳು’. ಇಂಗ್ಲಿಷಿಗೆ ಈ ಉಸಾಬರಿ ಇಲ್ಲ. ಒಂದಿರಲಿ ನೂರಿರಲಿ, ಎತ್ತಿರಲಿ ಮಗನಿರಲಿ, ಎಲ್ಲವೂ ‘ಮೈನ್’. ಆದರೆ ನಮ್ಮ ಹುಡುಗರಿಗೆ ಎರಡು ಎತ್ತು ಕಂಡರೆ ಸಮಾಧಾನ ಆಗುವುದಿಲ್ಲ. ‘ದೀಸ್ ಆರ್ ಮೈನ್ಸ್’ ಅನ್ನುತ್ತಾರೆ. ಅವರಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ. ಮೈನ್ಸ್ ಅಂದರೆ ಗಣಿಗಳು. ನಮ್ಮ ತಾಲ್ಲೂಕಿನಲ್ಲಿ ಮೈನ್ಸ್ ಇರುವುದು ಹಟ್ಟಿಯಲ್ಲಿ. ಅಲ್ಲಿನ ಚಿನ್ನ ನಿನ್ನದಾ?

ಚಿನ್ನದ ಮಾತು ಬಂದದ್ದು ಒಳ್ಳೆಯದೇ ಆಯಿತು. ಇಲ್ಲಿಂದ ಮಸ್ಕಿ ದೂರವೇನಲ್ಲ. ನಿಮ್ಮಲ್ಲಿ ಜಾಸ್ತಿ ಜನ ಅಲ್ಲಿನ ಅಶೋಕನ ಶಾಸನ ನೋಡಿರಬಹುದು. 1915ರಲ್ಲಿ ಅದನ್ನು ಗುರುತಿಸಿದವರು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಂಪಿಯ ಪಿಯದಸಿ’ ಅಂತ ಬಿರುದು ಇರುತ್ತಿತ್ತು, ಹೆಸರು ಇರುತ್ತಿರಲಿಲ್ಲ. ಮಸ್ಕಿ ಬಂಡೆಯ ಮೇಲೆ ಹೆಸರೇ ಸಿಕ್ಕಿತು. ಆ ಬಿರುದಿನ ರಾಜ ಅಶೋಕನೇ ಅಂತ ಗಟ್ಟಿಯಾಯಿತು. ಇದು ನಮಗೆಲ್ಲ ಗೊತ್ತಿರುವ ಕಥೆ.

ಆದರೆ ಹೆಸರು ಯಾವ ರೂಪದಲ್ಲಿದೆ ಅಂತ ಯಾರೂ ಹೇಳುವುದಿಲ್ಲ. ಬಂಡೆಯ ಮೇಲೆ ಸುಮ್ಮನೆ ‘ಅಸೋಕ’ ಅಂತ ಇಲ್ಲ. ‘ದೇವಾನಂಪಿಯಸ ಅಸೋಕಸ’ ಅಂತ ಇದೆ. ಪ್ರಾಕೃತದ ಆ ಕೊನೆಯ ‘ಸ’ ಷಷ್ಠಿ ವಿಭಕ್ತಿ. ಅಂದರೆ ‘ದೇವರಿಗೆ ಪ್ರಿಯನಾದ ಅಶೋಕನ’ ಅಂತ. ಏನು ಅಶೋಕನ? ಅವನ ಮಾತು, ಅವನ ಆಜ್ಞೆ. ಕಲ್ಲಿನ ಮೊದಲ ಸಾಲೇ ಇದು ಯಾರದು ಎಂಬ ಪ್ರಶ್ನೆಗೆ ಉತ್ತರ. ಪೆನ್ನಿನ ಮೇಲೆ ಹೆಸರು ಅಂಟಿಸಿಕೊಳ್ಳುವ ನಮ್ಮ ಹುಡುಗರ ಹಾಗೆ, ಸಾಮ್ರಾಟನೂ ಮೊದಲು ‘ನಂದಿದು’ ಅಂದಿದ್ದಾನೆ. ಅದೇ ಪದವನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ. ‘ಅಶೋಕಾಸ್’. ಪ್ರಾಕೃತವೂ ಇಂಗ್ಲಿಷೂ ಒಂದೇ ಇಂಡೋ ಯುರೋಪಿಯನ್ ಕುಟುಂಬದ ದೂರದ ನೆಂಟರು. ಮಸ್ಕಿಗೆ ಇನ್ನೊಮ್ಮೆ ಹೋದಾಗ ಆ ‘ಸ’ ಅಕ್ಷರ ಎಲ್ಲಿದೆ ಹುಡುಕಿ ನೋಡಿ.

ನಮ್ಮ ಕನ್ನಡದ ಷಷ್ಠಿಗೆ ‘ಅ’ ಸಾಕು. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲಿ ವಿಭಕ್ತಿ ಪ್ರತ್ಯಯಗಳ ಪಟ್ಟಿ ಕೊಟ್ಟಾಗಲೂ ಷಷ್ಠಿಗೆ ‘ಅ’ ಅಂತಲೇ ಹೇಳಿದ. ರಾಮನ, ಮರದ, ಊರಿನ, ಮನೆಯ. ಎಲ್ಲದರ ಕೊನೆಗೆ ಕೂತಿರುವುದು ಅದೇ ‘ಅ’. ಇಂಗ್ಲಿಷಿನಲ್ಲಿ ಆ ಕೆಲಸ ಮಾಡುವುದು ‘ಸ್’ ಮತ್ತು ಅದರ ಪಕ್ಕದ ಕೊಕ್ಕೆ. ಪುಸ್ತಕದಲ್ಲಿ ಅಪಾಸ್ಟ್ರಫಿ ಅನ್ನುತ್ತಾರೆ. ನಮ್ಮ ಕ್ಲಾಸಿನಲ್ಲಿ ಅದು ಯಾವತ್ತೂ ‘ಮ್ಯಾಲಿನ ಕೊಕ್ಕಿ’. ನಾನೂ ಕೊಕ್ಕೆ ಅಂತಲೇ ಅನ್ನುತ್ತೇನೆ.

ಈ ಕೊಕ್ಕೆ ಎಲ್ಲಿಂದ ಬಂತು? ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ರಾಜನ ಅನ್ನಲು ‘ಕ್ಯುನಿಂಗೆಸ್’ ಅನ್ನುತ್ತಿದ್ದರು. ಕೊನೆಗೆ ‘ಎಸ್’ ಅಂತ ಪೂರ್ತಿ ಪ್ರತ್ಯಯ. ಬಾಯಲ್ಲಿ ಸವೆದು ಸವೆದು ‘ಎ’ ಬಿದ್ದುಹೋಯಿತು. ಬಿದ್ದ ಅಕ್ಷರದ ಜಾಗದಲ್ಲಿ ನೆನಪಿಗೆ ಇಟ್ಟ ಗುರುತು ಈ ಕೊಕ್ಕೆ. ನಾವು ‘ಮನೆಯ ಬಾಗಿಲು’ ಅನ್ನುವುದನ್ನು ‘ಮನಿ ಬಾಗ್ಲಾ’ ಅಂತ ಸವೆಸಿದ ಹಾಗೆ. ನಾವು ಗುರುತು ಇಡಲಿಲ್ಲ, ಅವರು ಇಟ್ಟರು. ಇಟ್ಟು ಅವರೇ ಸಿಕ್ಕಿಹಾಕಿಕೊಂಡರು. ಇಂಗ್ಲೆಂಡಿನ ತರಕಾರಿ ಅಂಗಡಿಯವರು ಟೊಮ್ಯಾಟೊ ಬಹುವಚನಕ್ಕೂ ಕೊಕ್ಕೆ ಹಾಕುತ್ತಾರೆ ಅಂತ ಅಲ್ಲಿ ದೊಡ್ಡ ಜೋಕು. ಆ ಕೊಕ್ಕೆಗೆ ‘ತರಕಾರಿಯವನ ಅಪಾಸ್ಟ್ರಫಿ’ ಅಂತ ಹೆಸರೇ ಇದೆ. 2001ರಲ್ಲಿ ಕೊಕ್ಕೆ ಕಾಪಾಡಲಿಕ್ಕೆ ಅಂತಲೇ ಅಲ್ಲೊಂದು ಸಂಘ ಹುಟ್ಟಿತು. ಕಟ್ಟಿದ ಹಿರಿಯರು 2019ರಲ್ಲಿ, ಸೋಮಾರಿಗಳೇ ಗೆದ್ದರು ಅಂತ ಹೇಳಿ ಬಾಗಿಲು ಹಾಕಿದರು. ಹಾಗಾಗಿ ನಮ್ಮ ಬೋರ್ಡು ಬರೆಯುವವರು ನಾಚಿಕೊಳ್ಳಬೇಕಾಗಿಲ್ಲ.

ಆದರೂ ಬೋರ್ಡುಗಳ ಬಗ್ಗೆ ಎರಡು ಮಾತು ಆಡಲೇಬೇಕು. ಸೆಪ್ಟೆಂಬರ್ 5 ಬಂತು ಅಂದರೆ ಫ್ಲೆಕ್ಸ್ ಅಂಗಡಿಯಲ್ಲಿ ಕ್ಯೂ. ‘ಹ್ಯಾಪಿ ಟೀಚರ್ಸ್ ಡೇ’. ಕೊಕ್ಕೆ ಎಲ್ಲಿ? ಹತ್ತರಲ್ಲಿ ಎಂಟು ಫ್ಲೆಕ್ಸಿನಲ್ಲಿ ‘ಟೀಚರ್’ಸ್’ ಅಂತ, ಕೊಕ್ಕೆ ‘ಸ್’ಗಿಂತ ಮೊದಲೇ ಇರುತ್ತದೆ. ಅದರ ಅರ್ಥ ‘ಟೀಚರರ ದಿನ’ ಅಂತ ಅಲ್ಲ. ‘ಒಬ್ಬ ಟೀಚರನ ದಿನ’. ಸ್ಟಾಫ್ ರೂಮಿನಲ್ಲಿ ಹದಿನಾಲ್ಕು ಜನ ಕೂತಿದ್ದೇವೆ, ಆ ಒಬ್ಬರು ಯಾರು? ಹೆಡ್‌ಮಾಸ್ಟರ್ರೇ ಇರಬೇಕು ಅಂತ ನಾವು ನಗುತ್ತಿದ್ದೆವು.

ಕನ್ನಡದಲ್ಲಿ ಇದು ಕಿವಿಗೇ ಕೇಳುತ್ತದೆ. ಹುಡುಗನ, ಹುಡುಗರ. ‘ನ’ ಬಂದರೆ ಒಬ್ಬ, ‘ರ’ ಬಂದರೆ ಹಲವರು. ಇಂಗ್ಲಿಷಿನಲ್ಲಿ ಎರಡೂ ‘ಬಾಯ್ಸ್’. ಕಿವಿಗೆ ಒಂದೇ, ಕಣ್ಣಿಗೆ ಮಾತ್ರ ಬೇರೆ. ಕೊಕ್ಕೆ ‘ಸ್’ಗಿಂತ ಮೊದಲಿದ್ದರೆ ಅದು ನಮ್ಮ ‘ನ’. ‘ಸ್’ ಆದಮೇಲೆ ಇದ್ದರೆ ಅದು ನಮ್ಮ ‘ರ’. ‘ಬಾಯ್’ಸ್ ಹಾಸ್ಟೆಲ್’ ಅಂದರೆ ಒಬ್ಬನೇ ಹುಡುಗನಿಗೆ ಕಟ್ಟಿಸಿದ ಹಾಸ್ಟೆಲ್. ಪಾಪ, ಅವನಿಗೆ ಅಲ್ಲಿ ರಾತ್ರಿ ಹೆದರಿಕೆ ಆಗುವುದಿಲ್ವಾ? ‘ಬಾಯ್ಸ್’ ಹಾಸ್ಟೆಲ್’ ಅಂತ ಕೊಕ್ಕೆ ಆಚೆ ದಾಟಿಸಿದರೆ ಎಲ್ಲರಿಗೂ ಜಾಗ ಆಗುತ್ತದೆ.

ಹಾಗಾದರೆ ‘ಚಿಲ್ಡ್ರನ್’ಸ್ ಡೇ’ಯಲ್ಲಿ ಕೊಕ್ಕೆ ಮೊದಲೇ ಇದೆಯಲ್ಲ, ಅಂತ ಒಬ್ಬ ಹುಡುಗಿ ಕೇಳಿದ್ದಳು. ಜಾಣೆ. ಚಿಲ್ಡ್ರನ್ ಅನ್ನುವುದೇ ಬಹುವಚನ. ಅಲ್ಲಿ ‘ಸ್’ ಮೊದಲೇ ಇಲ್ಲ, ಷಷ್ಠಿಗೆ ಅಂತ ಹೊಸದಾಗಿ ತಂದಿದ್ದು. ಮೊದಲು ಮಕ್ಕಳು ಅಂತ ಮಾಡಿಕೊಳ್ಳಿ, ಆಮೇಲೆ ಮಕ್ಕಳ ಅನ್ನಿ. ವಿಮೆನ್’ಸ್ ಡೇಗೂ ಇದೇ. ಇನ್ನು ‘ಮದರ್’ಸ್ ಡೇ’ ಕಥೆ ಬೇರೆ. ಅಮೆರಿಕದಲ್ಲಿ ಆ ದಿನಕ್ಕಾಗಿ ಓಡಾಡಿದ ಆನಾ ಜಾರ್ವಿಸ್ ಬೇಕಂತಲೇ ಏಕವಚನ ಇಡಿಸಿದರು. ಲೋಕದ ತಾಯಂದಿರ ದಿನ ಅಲ್ಲ, ಪ್ರತಿ ಮನೆಯವರೂ ತಮ್ಮ ತಮ್ಮ ತಾಯಿಯನ್ನು ನೆನೆಯುವ ದಿನ ಅಂತ. ಒಂದು ಕೊಕ್ಕೆಯನ್ನು ಒಂದು ಅಕ್ಷರ ಆಚೀಚೆ ಇಟ್ಟಿದ್ದಕ್ಕೆ ಎಷ್ಟು ವ್ಯತ್ಯಾಸ ನೋಡಿ.

ಇಲ್ಲಿ ರೈತರ ಮನೆಯವರು ಜಾಸ್ತಿ ಇದ್ದೀರಿ. ಒಂದು ಪಹಣಿ ಉದಾಹರಣೆ ಕೊಡುತ್ತೇನೆ. ಬಸಪ್ಪ, ಮಲ್ಲಪ್ಪ ಅಣ್ಣತಮ್ಮಂದಿರು. ಹೊಲ ಇನ್ನೂ ಜಂಟಿ ಇದ್ದರೆ ‘ಬಸಪ್ಪ ಅಂಡ್ ಮಲ್ಲಪ್ಪ’ಸ್ ಲ್ಯಾಂಡ್’. ಕೊಕ್ಕೆ ಒಂದೇ, ಕೊನೆಯ ಹೆಸರಿಗೆ. ಪಾಲಾಗಿ, ಮಧ್ಯೆ ಬದು ಬಿದ್ದು, ಎರಡು ಖಾತೆ ಆಗಿದ್ದರೆ ‘ಬಸಪ್ಪ’ಸ್ ಅಂಡ್ ಮಲ್ಲಪ್ಪ’ಸ್ ಲ್ಯಾಂಡ್ಸ್’. ಇಬ್ಬರಿಗೂ ಅವರವರ ಕೊಕ್ಕೆ. ಮನೆ ಒಡೆದರೆ ಕೊಕ್ಕೆಯೂ ಎರಡಾಗುತ್ತದೆ.

ಈಗ ‘ಇಟ್ಸ್’. ಎಲ್ಲರೂ ಕಾಯುತ್ತಿರುವುದು ಇದಕ್ಕೇ ಅಲ್ವಾ? ಇಷ್ಟು ಹೊತ್ತು ಕೊಕ್ಕೆ ಅಂದರೆ ಒಡೆತನ ಅಂತ ಹೇಳಿದೆ. ಇಲ್ಲಿ ಬಂದು ಉಲ್ಟಾ ಆಗುತ್ತದೆ. ಕೊಕ್ಕೆ ಇಲ್ಲದ ‘ಇಟ್ಸ್’ ಅಂದರೆ ಅದರ. ಕೊಕ್ಕೆ ಇರುವ ‘ಇಟ್’ಸ್’ ಅಂದರೆ ‘ಇಟ್ ಈಸ್’, ಕೆಲವು ಸಲ ‘ಇಟ್ ಹ್ಯಾಸ್’. ಯಾಕೆ ಹೀಗೆ? ಹಿಸ್, ಹರ್ಸ್, ಅವರ್ಸ್, ದೇರ್ಸ್ ಇವಕ್ಕೆ ಯಾವುದಕ್ಕೂ ಕೊಕ್ಕೆ ಇಲ್ಲ. ಇವು ಹೆಸರುಗಳಲ್ಲ, ಹುಟ್ಟುವಾಗಲೇ ಒಡೆತನ ಹೊತ್ತುಕೊಂಡು ಬಂದ ಪದಗಳು. ‘ಹಿಸ್’ ಮಧ್ಯೆ ಯಾರೂ ಕೊಕ್ಕೆ ಹಾಕುವುದಿಲ್ಲ. ‘ಇಟ್ಸ್’ ಅದೇ ಮನೆಯ ಕಿರಿಯ ಕೂಸು. ಕಿರಿಯದು ಅಂದರೆ ನಿಜಕ್ಕೂ ಕಿರಿಯದು. ಹಳೇ ಇಂಗ್ಲಿಷಿನಲ್ಲಿ ಅದರ ಅನ್ನಲಿಕ್ಕೂ ‘ಹಿಸ್’ ಅನ್ನುತ್ತಿದ್ದರು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಉಪ್ಪು ರುಚಿ ಕಳೆದುಕೊಳ್ಳುವ ಮಾತು ಬರುತ್ತದೆ. ಅಲ್ಲಿ ಉಪ್ಪಿನ ರುಚಿಗೂ ‘ಹಿಸ್’ ಅಂತಲೇ ಇದೆ. ‘ಇಟ್ಸ್’ ಬಳಕೆಗೆ ಬಂದದ್ದು ಹೆಚ್ಚುಕಡಿಮೆ ಆ ಕಾಲದಲ್ಲೇ. ಬಂದ ಹೊಸದರಲ್ಲಿ ಆ ಜನವೂ ಅದಕ್ಕೆ ಕೊಕ್ಕೆ ಹಾಕಿ ಬರೆಯುತ್ತಿದ್ದರು. ಈಗ ನಾವು ಹಾಕಿದರೆ ಕೆಂಪು ಶಾಯಿ.

ಇದಕ್ಕೂ ಕನ್ನಡದ ಪರೀಕ್ಷೆಯೇ ಸಾಕು. ಆ ಜಾಗದಲ್ಲಿ ‘ಅದರ’ ಅಂತ ಕೂರುತ್ತದೆಯಾ? ಕೊಕ್ಕೆ ತೆಗೆಯಿರಿ. ‘ಅದು’ ಅಂತ ಕೂರುತ್ತದೆಯಾ? ಕೊಕ್ಕೆ ಇರಲಿ. ಯುವರ್, ಹೂಸ್ ಇವುಗಳಿಗೂ ಇದನ್ನೇ ಮಾಡಿ. ನಿನ್ನ ಅಥವಾ ನೀನು? ಯಾರ ಅಥವಾ ಯಾರು? ‘ಅ’ ಇದ್ದರೆ ಕೊಕ್ಕೆ ಬೇಡ, ‘ಉ’ ಇದ್ದರೆ ಕೊಕ್ಕೆ ಬೇಕು. ಇಷ್ಟು ಗೊತ್ತಾದರೆ ವಾಟ್ಸಾಪ್‌ನಲ್ಲಿ ‘ಯು ಆರ್ ವೆಲ್ಕಮ್’ ಅನ್ನಲು ಹೋಗಿ ‘ನಿನ್ನ ಸ್ವಾಗತ’ ಅಂತ ಬರೆಯುವುದು ತಪ್ಪುತ್ತದೆ.

ಈಗ ನನ್ನ ಸ್ವಂತದ ಒಂದು ಪೆಟ್ಟು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದು. ಮನೆಯಲ್ಲಿ ಹೆಂಡತಿಗೆ ಜ್ವರ. ರಜೆ ಚೀಟಿ ಬರೆದೆ. ‘ಅವರ್ ವೈಫ್ ಈಸ್ ಸಿಕ್. ಕೈಂಡ್ಲಿ ಗ್ರಾಂಟ್ ಮಿ ಟೂ ಡೇಸ್ ಲೀವ್.’ ಹೆಡ್‌ಮಾಸ್ಟರು ಕನ್ನಡಕ ಮೇಲೆ ಮಾಡಿ ಓದಿದರು. ಮುಖದಲ್ಲಿ ನಗುವೇ ಇಲ್ಲ. ‘ಮೇಷ್ಟ್ರೇ, ಅವರ್ ಅಂತ ಬರದೀರಿ. ಒಟ್ಟು ಎಷ್ಟು ಮಂದಿ ಬರ್ತೀರಿ ರಜಾ ಕೇಳಾಕ?’

ಇವತ್ತಿಗೂ ಆ ಮಾತು ನೆನಪಾದರೆ ಕಿವಿ ಬಿಸಿಯಾಗುತ್ತದೆ. ಆದರೆ ನನ್ನ ತಪ್ಪಾದರೂ ಏನು? ನಾನು ಹುಟ್ಟಿದಾಗಿನಿಂದ ಕೇಳಿದ್ದು ‘ನಮ್ಮಪ್ಪ’, ‘ನಮ್ಮವ್ವ’, ‘ನಮ್ಮೂರು’, ‘ನಮ್ಮ ಮನೆಯವರು’. ಒಬ್ಬನೇ ಮಗನಾದರೂ ‘ನಮ್ಮಪ್ಪ’. ಮನೆಯ ಜನರನ್ನು ‘ನನ್ನ’ ಅಂತ ಒಬ್ಬನೇ ಹಿಡಿದುಕೊಂಡರೆ ನಮ್ಮ ಕಿವಿಗೆ ಏನೋ ಒರಟು. ಅದಕ್ಕೇ ಹೆಂಡತಿಯನ್ನೂ ಸಂಕೋಚಕ್ಕೆ ‘ನಮ್ಮ ಮನೆಯವರು’ ಅನ್ನುತ್ತೇವೆ. ಕನ್ನಡದ ‘ನಮ್ಮ’ ತಲೆ ಎಣಿಸುವುದಿಲ್ಲ. ಇಂಗ್ಲಿಷಿನ ‘ಅವರ್’ ಎಣಿಸುತ್ತದೆ. ಅದನ್ನು ಕೇಳಿದವನು ಎಷ್ಟು ಜನ ಪಾಲುದಾರರು ಅಂತ ಲೆಕ್ಕ ಹಾಕುತ್ತಾನೆ. ಹಾಗಾಗಿ ಇಂಗ್ಲಿಷಿನಲ್ಲಿ ಸಂಕೋಚ ಬಿಟ್ಟು ‘ಮೈ ಫಾದರ್’, ‘ಮೈ ವೈಫ್’, ‘ಮೈ ವಿಲೇಜ್’ ಅನ್ನಿ. ಅಲ್ಲಿ ಅದು ಸ್ವಾರ್ಥ ಅಲ್ಲ. ಆ ಚೀಟಿಯಲ್ಲಿ ಇನ್ನೊಂದು ತಪ್ಪೂ ಇತ್ತು ಅಂತ ಬಹಳ ವರ್ಷದ ಮೇಲೆ ಗೊತ್ತಾಯಿತು. ‘ಟೂ ಡೇಸ್’ ಆದಮೇಲೆ ಕೊಕ್ಕೆ ಬೇಕು. ಎರಡು ದಿನ‘ದ’ ರಜೆ. ಹೆಡ್‌ಮಾಸ್ಟರು ಅದನ್ನು ಹಿಡಿಯಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಅಂತ ನನ್ನ ಗುಮಾನಿ.

ಇದರ ಜೋಡಿ ತಪ್ಪು ಗೌರವದ್ದು. ‘ಸಾಹೇಬ್ರು ಅವರ ಗಾಡಿ ತಂದರು’ ಅನ್ನುವುದನ್ನು ‘ಸಾಹೇಬ್ ಬ್ರಾಟ್ ದೇರ್ ವೆಹಿಕಲ್’ ಅಂತ ಮಾಡುತ್ತೇವೆ. ಎಷ್ಟು ದೊಡ್ಡವರಾದರೂ ಇಂಗ್ಲಿಷಿನಲ್ಲಿ ‘ಹಿಸ್’ ಅಥವಾ ‘ಹರ್’. ಯಾರು ಅಂತಲೇ ಗೊತ್ತಿಲ್ಲದಾಗ, ಯಾರೋ ಛತ್ರಿ ಬಿಟ್ಟುಹೋಗಿದ್ದಾರೆ ಅನ್ನುವಾಗ, ‘ದೇರ್’ ಒಪ್ಪುತ್ತದೆ. ಅದು ಗೌರವಕ್ಕೆ ಅಲ್ಲ, ಗುರುತಿಲ್ಲದ್ದಕ್ಕೆ.

ನಮ್ಮ ರಾಯಚೂರು ಸೀಮೆ 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು. ಉರ್ದು ನಮ್ಮ ಓಣಿಯ ಭಾಷೆ. ಉರ್ದು ಮಾತಾಡುವ ನನ್ನ ವಿದ್ಯಾರ್ಥಿಗಳು ‘ರವಿ ಅಂಡ್ ಹರ್ ವೈಫ್’ ಅಂತ ಬರೆಯುತ್ತಿದ್ದರು. ಅವರ ಭಾಷೆಯಲ್ಲಿ ‘ಉಸ್ಕೀ ಬೀವಿ’, ‘ಉಸ್ಕಾ ಘರ್’. ಯಾವ ವಸ್ತು ಅನ್ನುವುದರ ಮೇಲೆ ಪದ ಬದಲಾಗುತ್ತದೆ, ಒಡೆಯ ಗಂಡೋ ಹೆಣ್ಣೋ ಅನ್ನುವುದರ ಮೇಲೆ ಅಲ್ಲ. ಕನ್ನಡದಲ್ಲಿ ಅವನ ಹೆಂಡತಿ, ಆಕಿ ಗಂಡ. ಒಡೆಯನನ್ನು ನೋಡಿ ಪದ ಹಾಕುತ್ತೇವೆ. ಇಂಗ್ಲಿಷೂ ಹಾಗೇ. ಇಲ್ಲಿ ಕನ್ನಡದ ಹುಡುಗರಿಗೆ ಅರ್ಧ ಕೆಲಸ ಕಮ್ಮಿ.

ಮೈಗೆ ಬರೋಣ. ನನಗೆ ಬಹಳ ಇಷ್ಟವಾದ ಭಾಗ ಇದು. ನಾವು ‘ಕೈ ತೊಳಕೊಂಡೆ’ ಅನ್ನುತ್ತೇವೆ. ‘ನನ್ನ ಕೈಯನ್ನು ತೊಳೆದೆ’ ಅಂದರೆ ನಗುತ್ತಾರೆ. ಆ ‘ಕೊಂಡೆ’ ಇದೆಯಲ್ಲ, ಕೈ ಯಾರದು ಅಂತ ಅದೇ ಹೇಳಿಬಿಡುತ್ತದೆ. ‘ತಲೆ ಬಾಚಿಕೊ’, ‘ಚಪ್ಪಲಿ ಹಾಕಿಕೊ’. ಎಲ್ಲೂ ನನ್ನ ನಿನ್ನ ಇಲ್ಲ, ಆದರೂ ಪಕ್ಕದವನ ತಲೆ ಬಾಚಲು ಯಾರೂ ಹೋಗುವುದಿಲ್ಲ. ಇಂಗ್ಲಿಷಿಗೆ ಈ ‘ಕೊಳ್ಳು’ ಇಲ್ಲ. ಅದಕ್ಕೇ ಅದು ಪ್ರತಿ ಅಂಗಕ್ಕೂ ಒಡೆಯನ ಹೆಸರು ಕಟ್ಟುತ್ತದೆ. ‘ಐ ವಾಷ್ಡ್ ಮೈ ಹ್ಯಾಂಡ್ಸ್’, ‘ಕೋಂಬ್ ಯುವರ್ ಹೇರ್’. ನಮ್ಮವರು ‘ಐ ವಾಷ್ಡ್ ಹ್ಯಾಂಡ್’ ಅಂತ ಬಿಟ್ಟುಬಿಡುತ್ತಾರೆ. ಮಕ್ಕಳಿಗೆ ನಾನು ಹೇಳಿಕೊಡುತ್ತಿದ್ದ ಉಪಾಯ ಇದು. ಮೈಗೆ ಸೇರಿದ್ದಕ್ಕೆಲ್ಲ ‘ಮೈ’ ಹಾಕಿ. ಕೈ, ಕಾಲು, ತಲೆ, ಅಂಗಿ, ಚಪ್ಪಲಿ. ಇನ್ನೊಬ್ಬರ ಮೈ ಆದರೆ ಯುವರ್, ಹಿಸ್, ಹರ್.

ಕನ್ನಡದ ಒಂದು ಪದ ಮಾತ್ರ ಇಂಗ್ಲಿಷಿಗೆ ಇದ್ದಿದ್ದರೆ ಎಷ್ಟೋ ಜಗಳ ತಪ್ಪುತ್ತಿತ್ತು. ‘ತನ್ನ’. ಮಲ್ಲಪ್ಪ ಬಸಪ್ಪನ ಮನೆಗೆ ಹೋಗಿ ತನ್ನ ಎತ್ತು ಮಾರಿದ. ಮಲ್ಲಪ್ಪ ಬಸಪ್ಪನ ಮನೆಗೆ ಹೋಗಿ ಅವನ ಎತ್ತು ಮಾರಿದ. ಮೊದಲನೆಯದು ವ್ಯಾಪಾರ, ಎರಡನೆಯದು ಪೊಲೀಸ್ ಸ್ಟೇಷನ್. ಇಂಗ್ಲಿಷಿನಲ್ಲಿ ಎರಡಕ್ಕೂ ‘ಹಿಸ್ ಬುಲಕ್’. ಅನುಮಾನ ತೀರಿಸಲು ‘ಹಿಸ್ ಓನ್’ ಅಂತ ಒಂದು ಪದ ಸೇರಿಸಬೇಕು. ಇಲ್ಲವೇ ಹೆಸರು ಎತ್ತಿ ಬಸಪ್ಪನ ಎತ್ತು ಅಂತಲೇ ಬರೆಯಬೇಕು. ಇಂಗ್ಲಿಷ್ ಬಹಳ ಸ್ಪಷ್ಟವಾದ ಭಾಷೆ, ನಮ್ಮದು ಹಾಗಲ್ಲ ಅಂತ ಯಾರಾದರೂ ಅಂದರೆ ಈ ಎತ್ತಿನ ಕಥೆ ಹೇಳಿ.

ಕೊನೆಗೆ ಪ್ರಶ್ನೆ ಕೇಳಿ ಅಂದೆ. ಒಬ್ಬ ವಿದ್ಯಾರ್ಥಿ, ‘ಸಾರ್, ಮೊಬೈಲ್ ತಾನೇ ತಿದ್ದುತ್ತಲ್ಲ, ಇಷ್ಟೆಲ್ಲ ಯಾಕೆ?’ ಅಂದ. ನನ್ನ ಫೋನು ‘ಅದರ’ ಅಂತ ನಾನು ಬರೆದ ಇಟ್ಸ್‌ಗೆ ಎಷ್ಟೋ ಸಲ ತಾನೇ ಕೊಕ್ಕೆ ಅಂಟಿಸಿದೆ, ಕೊಕ್ಕೆ ತೆಗೆಯುವ ಕೆಲಸ ಈಗ ನನಗೇ ಬಿದ್ದಿದೆ ಅಂದೆ. ಇನ್ನೊಬ್ಬರು ಸ್ನೇಹಿತನ ಬಗ್ಗೆ ಕೇಳಿದರು. ‘ಎ ಫ್ರೆಂಡ್ ಆಫ್ ಮಿ’ ಅನ್ನಬೇಕಾ, ‘ಆಫ್ ಮೈನ್’ ಅನ್ನಬೇಕಾ? ಮೈನ್. ನನ್ನವರಲ್ಲಿ ಒಬ್ಬ ಅಂತ ಅರ್ಥ.

ಕೊನೆಯ ಸಾಲಿನಲ್ಲಿ ಒಬ್ಬರು ಹಿರಿಯರು ಕೂತಿದ್ದರು. ಟೇಲರ್ ಅಂತ ಆಮೇಲೆ ಗೊತ್ತಾಯಿತು. ಎದ್ದು, ‘ಸರ, ಇಪ್ಪತ್ತು ವರ್ಷಾತು ನಮ್ಮ ಅಂಗಡಿ ಬೋರ್ಡಿನಾಗ ಲೇಡಿ ಆದಮ್ಯಾಲೆ ಕೊಕ್ಕಿ ಐತ್ರಿ, ಆಮ್ಯಾಲೆ ಸ್. ಹಂಗಾದ್ರ ತಪ್ಪೇನ್ರಿ?’ ಅಂದರು.

‘ಅದರ ಪ್ರಕಾರ ನೀವು ಒಬ್ಬರೇ ಹೆಣ್ಣುಮಗಳ ಬಟ್ಟೆ ಹೊಲೀತೀರಿ ಅಂತ ಆಗ್ತದ ಯಜಮಾನ್ರೇ’ ಅಂದೆ.

ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. ‘ಹೊಸಾ ಬೋರ್ಡ್ ಬರಸಾಕ ರೊಕ್ಕ ಆಕ್ಕಾವ್ರಿ. ಆ ಕೊಕ್ಕಿಗೆ ಒಂದೀಟು ಬಣ್ಣ ಬಳದು ಮುಚ್ಚಿಬಿಡ್ಲೇನ್ರಿ?’

ಮುಚ್ಚಿಬಿಡಿ, ಜೊತೆಗೆ ಲೇಡಿಯ ಕೊನೆಯ ‘ವೈ’ ಅಳಿಸಿ ‘ಐ’, ‘ಇ’ ಮಾಡಿಸಿ ಅಂದೆ. ಕೊಕ್ಕೆ ಇಲ್ಲದೆ ‘ಲೇಡೀಸ್’ ಅಂತ ಈಗ ಬಹಳ ಜನ ಬರೆಯುತ್ತಾರೆ.